ಜೀವಶಾಸ್ತ್ರದ ಅಂಕ ಎಲ್ಲೆಲ್ಲಿ ಸೋರುತ್ತದೆ?

ಪ್ರಶ್ನೆ: ಬಿ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದಿದ್ದೇನೆ. ಎಂಟು ಪತ್ರಿಕೆಗಳ ಗ್ರೇಡ್ ಪಾಯಿಂಟ್ ಕೂಡಿಸಿ ಭಾಗಿಸಿದರೆ 7.88 ಬರುತ್ತದೆ. ಅಂಕಪಟ್ಟಿಯಲ್ಲಿ ಎಸ್‌ಜಿಪಿಎ (ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್) 7.63 ಎಂದಿದೆ. ದೂರು ಕೊಡಲೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ದೂರು ಬೇಡ, ಅಂಕಪಟ್ಟಿ ಸರಿಯಾಗಿದೆ. ನೀವು ಎಲ್ಲ ಪತ್ರಿಕೆಗಳಿಗೂ ಒಂದೇ ತೂಕ ಕೊಟ್ಟಿದ್ದೀರಿ. ಪ್ರತಿ ಪತ್ರಿಕೆಯ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ನೀವು ಕಳಿಸಿದ ಪಟ್ಟಿಯಲ್ಲಿ ಥಿಯರಿಗೆ 4, ಪ್ರಾಕ್ಟಿಕಲ್‌ಗೆ 2, ಎರಡು ಭಾಷೆಗಳಿಗೆ ತಲಾ 3 ಕ್ರೆಡಿಟ್ ಇವೆ. ಸಸ್ಯಶಾಸ್ತ್ರದಲ್ಲಿ 8×4 ಮತ್ತು 10×2, ಪ್ರಾಣಿಶಾಸ್ತ್ರದಲ್ಲಿ 7×4 ಮತ್ತು 9×2, ರಸಾಯನಶಾಸ್ತ್ರದಲ್ಲಿ 6×4 ಮತ್ತು 8×2, ಭಾಷೆಗಳಲ್ಲಿ 8×3 ಮತ್ತು 7×3. ಕೂಡಿದರೆ 183. ಅದನ್ನು 24ರಿಂದ ಭಾಗಿಸಿದರೆ 7.625.

ಪ್ರಾಕ್ಟಿಕಲ್‌ನಲ್ಲಿ ನೀವು ಚೆನ್ನಾಗಿ ಮಾಡಿದ್ದೀರಿ, ಆದರೆ ಅದರ ತೂಕ ಥಿಯರಿಯ ಅರ್ಧ. ರಸಾಯನಶಾಸ್ತ್ರದ ಥಿಯರಿಯಲ್ಲಿ ಒಂದು ಪಾಯಿಂಟ್ ಏರಿದರೆ ಎಸ್‌ಜಿಪಿಎ 0.17 ಏರುತ್ತದೆ, ಪ್ರಾಕ್ಟಿಕಲ್‌ನಲ್ಲಿ ಏರಿದರೆ 0.08 ಮಾತ್ರ. ಥಿಯರಿ ಅಂಕದ ಬಗ್ಗೆ ನಿಜವಾಗಿ ಅನುಮಾನವಿದ್ದರೆ ಮೊದಲು ಉತ್ತರ ಪತ್ರಿಕೆಯ ಝೆರಾಕ್ಸ್ ಪ್ರತಿ ತರಿಸಿಕೊಳ್ಳಿ. ಮರು ಎಣಿಕೆಯಲ್ಲಿ ನೋಡುವುದು ಕೂಡಿಕೆಯನ್ನು, ಅಂಕ ಹಾಕದೆ ಬಿಟ್ಟ ಉತ್ತರಗಳನ್ನು ಅಷ್ಟೇ. ಉತ್ತರವನ್ನು ಮತ್ತೆ ಓದಿ ಅಂಕ ಕೊಡಬೇಕೆಂದರೆ ಮರುಮೌಲ್ಯಮಾಪನಕ್ಕೇ ಹಾಕಬೇಕು.

ಪ್ರಶ್ನೆ: ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಈರುಳ್ಳಿ ಬೇರಿನ ಸ್ಲೈಡ್ ಮಾಡಿ ಚಿತ್ರ ಬಿಡಿಸಿದೆ. ಸ್ಪಾಟರ್‌ಗಳ (ಗುರುತಿಸಲು ಇಟ್ಟ ಮಾದರಿಗಳ) ಹೆಸರೆಲ್ಲ ಸರಿ ಬರೆದೆ. ಆದರೂ ಅರ್ಧದಷ್ಟೇ ಅಂಕ ಬಂತು. ಎಲ್ಲಿ ತಪ್ಪಿರಬಹುದು?
– ವಿದ್ಯಾರ್ಥಿ, ಶಿರಸಿ

ಉತ್ತರ: ಸ್ಲೈಡ್‌ನಿಂದ ಶುರು ಮಾಡೋಣ. ಪರೀಕ್ಷಕರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಕೋಶ ವಿಭಜನೆಯ ಹಂತ ಕಾಣಬೇಕು. ಬರೀ ದುಂಡು ಕೋಶಕೇಂದ್ರಗಳು ಕಂಡರೆ ಆ ಅಂಕ ಹೋಯಿತು. ಬೇರಿನಲ್ಲಿ ಕೋಶಗಳು ವಿಭಜನೆಯಾಗುವುದು ತುದಿಯ 1–2 ಮಿ.ಮೀ. ಭಾಗದಲ್ಲಿ ಮಾತ್ರ. ಅದರ ಮೇಲಿನವು ಉದ್ದವಾಗುತ್ತಿರುವ ಕೋಶಗಳು. ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿದಾಗ ಗಾಢವಾಗಿ ಬಣ್ಣ ಹಿಡಿಯುವ ತುದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಬಹಳಷ್ಟು ಸ್ಲೈಡ್‌ಗಳು ಈ ಒಂದು ಹಂತದಲ್ಲೇ ಕೆಡುತ್ತವೆ.

1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಸಿ ಮಾಡುವುದು ಕಡಿಮೆಯಾದರೆ ಕೋಶಗಳು ಬಿಡಿಯಾಗದೆ ಒಂದರ ಮೇಲೊಂದು ಕೂರುತ್ತವೆ. ಹೆಚ್ಚಾದರೆ ತುದಿ ಕರಗಿ ಚೂರುಚೂರಾಗುತ್ತದೆ. ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನ ಇಳಿಸಿದರೆ ಗಾಳಿಗುಳ್ಳೆ ಸೇರುವುದಿಲ್ಲ. ಮೇಲೆ ಮಡಿಸಿದ ಫಿಲ್ಟರ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಬೆರಳು ಪಕ್ಕಕ್ಕೆ ಜರುಗಿದರೆ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ. 10 ಎಕ್ಸ್‌ನಲ್ಲಿ ಜಾಗ ಹುಡುಕಿ, 45 ಎಕ್ಸ್‌ಗೆ ತಿರುಗಿಸಿ, ಬಣ್ಣ ಒಣಗುವ ಮೊದಲೇ ಪರೀಕ್ಷಕರನ್ನು ಕರೆಯಿರಿ.

ಚಿತ್ರದಲ್ಲಿ ಅಂಕ ಹೋಗುವುದು ಬಹುತೇಕ ಒಂದೇ ಕಾರಣಕ್ಕೆ: ಕಂಡದ್ದನ್ನು ಬಿಡಿಸದೆ, ಬಾಯಿಪಾಠವಾದ ಪ್ರಾಣಿಕೋಶದ ಚಿತ್ರವನ್ನು ಬಿಡಿಸುವುದು. ಪ್ರಾಣಿಕೋಶದ ಎರಡು ತುದಿಗಳಲ್ಲಿ ಕಾಣುವ ಸೆಂಟ್ರಿಯೋಲ್ ಎಂಬ ಸಣ್ಣ ಕಾಯಗಳಾಗಲಿ, ಅವುಗಳ ಸುತ್ತ ಹರಡುವ ಆಸ್ಟರ್ ಕಿರಣಗಳಾಗಲಿ ಈರುಳ್ಳಿಯ ಕೋಶದಲ್ಲಿಲ್ಲ. ವಿಭಜನೆಯ ಕೊನೆಯ ಹಂತವಾದ ಟೀಲೋಫೇಸ್‌ನಲ್ಲಿ ಕೋಶ ನಡುವೆ ಕುಗ್ಗಿ ಎರಡಾಗುವುದೂ ಇಲ್ಲ, ಮಧ್ಯದಲ್ಲಿ ಕೋಶಫಲಕ ಮೂಡುತ್ತದೆ. ಇವನ್ನು ತಪ್ಪಾಗಿ ಬಿಡಿಸಿದ ಚಿತ್ರ ಎಷ್ಟೇ ಅಂದವಾಗಿದ್ದರೂ, ವಿದ್ಯಾರ್ಥಿ ಸ್ಲೈಡ್ ನೋಡಿಲ್ಲ ಎಂಬುದನ್ನೇ ಹೇಳುತ್ತದೆ. ಆ ಅಂಕ ಕಳೆಯುವುದು ನ್ಯಾಯವೇ.

ಸ್ಪಾಟರ್‌ನ ಹೆಸರಿಗೆ ಸಿಗುವುದು ಒಂದು ಪಾಲು. ಉಳಿದದ್ದು ವರ್ಗೀಕರಣಕ್ಕೆ ಮತ್ತು ಗುರುತಿಸಿದ ಕಾರಣಕ್ಕೆ. ಗಂಡು ಆಸ್ಕಾರಿಸ್‌ಗೆ (ಕರುಳಿನ ದುಂಡುಹುಳು) ‘ಉದ್ದವಾಗಿದೆ, ದುಂಡಗಿದೆ’ ಎಂದು ಬರೆದರೆ ಹೆಣ್ಣಿಗೂ ಅದೇ ಹೊಂದುತ್ತದೆ. ‘ಹಿಂತುದಿ ಕೊಕ್ಕೆಯಂತೆ ಬಾಗಿದೆ’ ಎಂದು ಬರೆಯಿರಿ. ಎದುರಿನ ಬಾಟಲಿಯಲ್ಲಿ ಕಾಣುವ ಲಕ್ಷಣವನ್ನೇ ಕಾರಣವಾಗಿ ಕೊಡಬೇಕು. ರೆಕಾರ್ಡ್ ಪುಸ್ತಕಕ್ಕೆ ಆಯಾ ವಾರವೇ ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಪದವಿಯ ಮೊದಲ ವರ್ಷದಲ್ಲಿದ್ದಾಳೆ. ಬಯಾಲಜಿ ಮಿಡ್‌ಟರ್ಮ್‌ನಲ್ಲಿ 100ಕ್ಕೆ 62 ಬಂದಿದೆ. ತರಗತಿಯ ಸರಾಸರಿ 55 ಅಂತೆ. ‘ಕರ್ವ್ ಇದೆ, ಚಿಂತೆ ಮಾಡಬೇಡಮ್ಮಾ’ ಅನ್ನುತ್ತಾಳೆ. ನಂಬಬಹುದೇ?
– ತಾಯಿ, ಧಾರವಾಡ

ಉತ್ತರ: ಕರ್ವ್ ಎಂದರೆ ಇಡೀ ತರಗತಿಯ ಅಂಕಗಳಿಗೆ ಹೋಲಿಸಿ ಗ್ರೇಡ್ ಕೊಡುವುದು. ಕೋರ್ಸಿನ ಸಿಲಬಸ್‌ನಲ್ಲಿ ಹಾಗೆ ಬರೆದಿದ್ದರೆ ನಂಬಬಹುದು. ಅಲ್ಲಿ ಸಿಲಬಸ್ ಎಂದರೆ ಪಾಠಗಳ ಪಟ್ಟಿ ಮಾತ್ರವಲ್ಲ, ಯಾವ ಪರೀಕ್ಷೆಗೆ ಎಷ್ಟು ಶೇಕಡಾ, ಯಾವ ಗ್ರೇಡ್‌ಗೆ ಎಷ್ಟು ಬೇಕು ಎಂಬುದೂ ಅದರಲ್ಲೇ ಇರುತ್ತದೆ. ಕರ್ವ್ ಇದ್ದರೆ ಸರಾಸರಿಗಿಂತ ಮೇಲಿರುವ 62 ಗಾಬರಿಪಡುವ ಅಂಕವಲ್ಲ. ಇಲ್ಲದಿದ್ದರೆ, 90ಕ್ಕೆ ಎ, 80ಕ್ಕೆ ಬಿ ಎಂಬ ಸಾಮಾನ್ಯ ಮಾಪನದಲ್ಲಿ ಅದು ಡಿ. ಆದರೂ ಈ ಮಿಡ್‌ಟರ್ಮ್‌ಗೆ ಶೇ 20 ತೂಕ ಎಂದುಕೊಳ್ಳಿ. ಈಗ ಕೈಯಲ್ಲಿರುವುದು 12.4. ಒಟ್ಟು 80 ಮುಟ್ಟಲು ಉಳಿದ ಪರೀಕ್ಷೆ, ಲ್ಯಾಬ್, ಹೋಂವರ್ಕ್‌ಗಳಲ್ಲಿ ಸರಾಸರಿ ಶೇ 84.5 ಬೇಕು, 90 ಮುಟ್ಟಲು ಶೇ 97. ಬಿ ಕೈಗೆಟುಕುವಂಥದ್ದು, ಎ ಬಹಳ ಕಷ್ಟ.

ಕೋರ್ಸ್ ಬಿಡುವ ಯೋಚನೆ ಬಂದರೆ ಕೊನೆಯ ದಿನಾಂಕದೊಳಗೆ ಬಿಡಬೇಕು. ಆಗ ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ ಬರುತ್ತದೆ, ಜಿಪಿಎಗೆ ಸೇರುವುದಿಲ್ಲ. ಮುಂದೆ ಅಲ್ಲೇ ಮೆಡಿಕಲ್‌ಗೆ ಅರ್ಜಿ ಹಾಕುವ ಆಸೆಯಿದ್ದರೆ ಇದು ಮುಖ್ಯ: ಅರ್ಜಿ ಸ್ವೀಕರಿಸುವ ಎಎಂಸಿಎಎಸ್ ವ್ಯವಸ್ಥೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು ಬೇರೆಯಾಗಿ ಲೆಕ್ಕ ಹಾಕುತ್ತದೆ, ಕೋರ್ಸನ್ನು ಮತ್ತೆ ಓದಿದರೂ ಎರಡೂ ಗ್ರೇಡ್ ಸೇರಿಸುತ್ತದೆ. ಆದರೆ ಮಗಳು ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. 15ರಲ್ಲಿ 4 ಕ್ರೆಡಿಟ್‌ನ ಬಯಾಲಜಿ ಬಿಟ್ಟರೆ 11ಕ್ಕೆ ಇಳಿಯುತ್ತದೆ. ಆದ್ದರಿಂದ ಬಿಡುವ ಮೊದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಪಡೆಯಲು ಹೇಳಿ.