ಅಪ್ಪನ ಬಿಪಿ, ಮಗನ ಬಿಪಿ

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ: "ನನಗೆ 41, ಅಪ್ಪನಿಗೆ 82. ಇಬ್ಬರಿಗೂ ಬಿಪಿ 160ರ ಮೇಲೆ ಬಂದಿದೆ. ವಯಸ್ಸಿಗೆ ನೂರು ಸೇರಿಸಿದರೆ ಎಷ್ಟಾಗುತ್ತೋ ಅಷ್ಟಿದ್ದರೆ ಸರಿ, ಮಾತ್ರೆ ಬೇಡ ಅಂತಾರೆ ಅಪ್ಪ. ನನಗೂ ಏನೂ ತೊಂದರೆ ಕಾಣ್ತಿಲ್ಲ. ಬೇಕಾದರೆ ಅವರ ಮಾತ್ರೆಯನ್ನೇ ನಾನೂ ತಗೋಬಹುದಾ?"

ದಯವಿಟ್ಟು ಬೇಡ. ಇಬ್ಬರೂ ಈ ವಾರವೇ ಡಾಕ್ಟರನ್ನು ನೋಡಿ.

ವಯಸ್ಸಿಗೆ ನೂರು ಸೇರಿಸುವ ಲೆಕ್ಕವನ್ನು ನಮ್ಮ ಹಿರಿಯರು ಬಹಳ ಕಾಲದಿಂದ ನಂಬಿದ್ದಾರೆ. ಅದು ತಪ್ಪು. ವಯಸ್ಸಾದಂತೆ ರಕ್ತನಾಳ ಪೆಡಸಾಗಿ ಮೇಲಿನ ಸಂಖ್ಯೆ ಏರುತ್ತದೆ, ನಿಜ. ಏರುವುದು ಸಾಮಾನ್ಯ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. 80 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾದ, ಬಿಪಿ 160 ಅಥವಾ ಅದಕ್ಕಿಂತ ಜಾಸ್ತಿ ಇದ್ದ 3,845 ಜನರ ಮೇಲೆ ನಡೆದ 'ಹೈವೆಟ್' ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಗುರಿ ಇದ್ದದ್ದು 150/80. ಮಾತ್ರೆ ತೆಗೆದುಕೊಂಡವರಲ್ಲಿ ಸಾವು 21% ಕಡಿಮೆಯಾಯಿತು, ಹೃದಯ ಸೋಲುವುದು ಇನ್ನೂ ಕಡಿಮೆಯಾಯಿತು. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ.

ಆದರೆ ಅವರ ಬಿಪಿಯನ್ನು ಅವಸರದಲ್ಲಿ ಇಳಿಸಬಾರದು. ಕಡಿಮೆ ಡೋಸ್‌ನಿಂದ ಶುರು ಮಾಡಿ, ನಿಧಾನವಾಗಿ ಹೋಗಬೇಕು. ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಡಾಕ್ಟರಿಗೆ ಹೇಳಿ. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20ರಷ್ಟು ಇಳಿದರೆ ತಲೆ ಸುತ್ತಿ ಬೀಳುವ ಭಯ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದೇ ಕಷ್ಟ ಅಲ್ವಾ? ರಾತ್ರಿ ಬಚ್ಚಲಿಗೆ ಹೋಗುವಾಗ ಹಾಸಿಗೆಯಲ್ಲೇ ಸ್ವಲ್ಪ ಕೂತು ಏಳಲಿ.

ನನಗೆ ಹೆಚ್ಚು ಚಿಂತೆ ನಿಮ್ಮದೇ. 41ಕ್ಕೇ 160 ಅಂದರೆ ಮುಂದಿನ ನಲವತ್ತು ವರ್ಷ ಹೃದಯ, ಕಿಡ್ನಿ, ಮಿದುಳು ಆ ಒತ್ತಡ ಹೊರಬೇಕು. ತೊಂದರೆ ಕಾಣದಿರುವುದೇ ಈ ಕಾಯಿಲೆಯ ಕೆಟ್ಟ ಗುಣ. ಡಾಕ್ಟರು ಮೂತ್ರ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಶಿಯಂ, ಸಕ್ಕರೆ ಪರೀಕ್ಷೆ ಮಾಡಿಸುತ್ತಾರೆ. ಜೋರು ಗೊರಕೆ ಇದ್ದರೆ, ನೋವಿನ ಮಾತ್ರೆ ಆಗಾಗ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಎರಡರಿಂದಲೂ ಬಿಪಿ ಏರುತ್ತದೆ. ನಿಮ್ಮ ವಯಸ್ಸಿಗೆ ಸಾಮಾನ್ಯವಾಗಿ 130/80ರ ಕೆಳಗೆ ತರಲು ನೋಡುತ್ತಾರೆ. ತಂದೆಯವರಿಗೆ ಮೊದಲು 150ರ ಕೆಳಗೆ, ದೇಹ ಒಗ್ಗಿದರೆ 140ರ ಕೆಳಗೆ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಆ ಲೆಕ್ಕದಲ್ಲೇ ಬರುತ್ತವೆ. ಮನೆಯಲ್ಲಿ ಬಿಪಿ ನೋಡುವಾಗ ಐದು ನಿಮಿಷ ಸುಮ್ನೆ ಕೂತು, ಮಾತಾಡದೆ, ಬರಿ ತೋಳಿಗೆ ಪಟ್ಟಿ ಕಟ್ಟಿ. ಕಾಫಿ ಕುಡಿದ ತಕ್ಷಣ ಬೇಡ. ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಟ್ಟು ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಎದೆನೋವು, ಮಾತು ತೊದಲುವುದು, ಕೈಕಾಲಿನ ಬಲ ಹೋಗುವುದು ಕಂಡರೆ ಮಾತ್ರ ಚೀಟಿ ಗೀಟಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.