ನಿವೃತ್ತ ಪೊಲೀಸ್ ಕಾರಿನಲ್ಲಿ ಉಳಿದುಹೋದ ವೈರು, ಪೆಟ್ಟಿಗೆ, ಶ್ರುತಿಕವೆ

ಪ್ರಶ್ನೆ: ನಾನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಹರಾಜಿನಲ್ಲಿ 2008ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಪೊಲೀಸ್ ಕಾರೊಂದನ್ನು ಕೊಂಡೆ. ಎಂಜಿನ್ ಚೆನ್ನಾಗಿದೆ. ಆದರೆ ಕಾರಿನ ತುಂಬ ಅರ್ಥವಾಗದ ವಸ್ತುಗಳಿವೆ. ಛಾವಣಿಯ ಮೇಲೆ ಚೌಕಾಕಾರದಲ್ಲಿ ನಾಲ್ಕು ರಬ್ಬರ್ ಮುಚ್ಚಳ, ನಡುವೆ ಇನ್ನೊಂದು ದೊಡ್ಡದು. ಡಿಕ್ಕಿಯಲ್ಲಿ ಆರು ಸಾಕೆಟ್ಟುಗಳಿರುವ ಒಂದು ಲೋಹದ ಪೆಟ್ಟಿಗೆ, ಪಕ್ಕದಲ್ಲಿ ಕತ್ತರಿಸಿ ಬಿಟ್ಟ ದಪ್ಪ ಕೆಂಪು ವೈರು. ಡ್ಯಾಶ್‌ಬೋರ್ಡಿನ ಕೆಳಗೆ ಹೆಸರಿಲ್ಲದ ಒಂದು ಸ್ವಿಚ್ಚು. ಹಾಕಿದರೂ ತೆಗೆದರೂ ಏನೂ ಆಗುವುದಿಲ್ಲ. ಕೈಪೆಟ್ಟಿಗೆಯಲ್ಲಿ 35 ಮತ್ತು 65 ಎಂದು ಕೆತ್ತಿದ ಎರಡು ಶ್ರುತಿಕವೆಗಳು (ಟ್ಯೂನಿಂಗ್ ಫೋರ್ಕ್) ಸಿಕ್ಕವು. ಹಿಂಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಮೂರು ದಿನ ಓಡಿಸದೆ ನಿಲ್ಲಿಸಿದರೆ ಬ್ಯಾಟರಿ ಖಾಲಿ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ತೆಗೆಯಲಿ?

ಉತ್ತರ: ಪೊಲೀಸ್ ಕಾರುಗಳಿಗೆ ವೈರಿಂಗ್ ಮಾಡಿಕೊಡುವ ಗ್ಯಾರೇಜಿನಲ್ಲಿ ಹಲವು ವರ್ಷ ದುಡಿದವನಾದ್ದರಿಂದ ನಿಮ್ಮ ಪತ್ರ ಓದುತ್ತಿದ್ದಂತೆ ಆ ಕಾರು ಕಣ್ಣೆದುರು ಬಂದು ನಿಂತಿತು. ಶ್ರುತಿಕವೆಯ ಕಥೆ ಬಹಳ ಸೊಗಸಾದದ್ದು. ಆದರೆ ಅದು ಕಾಯಬಲ್ಲದು. ಸ್ವಿಚ್ಚು ಮತ್ತು ಹಿಂಬಾಗಿಲು ಕಾಯುವ ವಿಷಯಗಳಲ್ಲ. ಅವನ್ನು ನೋಡಿಕೊಳ್ಳುವವರೆಗೆ ಮಕ್ಕಳನ್ನು ಆ ಕಾರಿನಲ್ಲಿ ಕೂರಿಸಬೇಡಿ.

ಸ್ವಿಚ್ಚು ಏನೂ ಮಾಡುವುದಿಲ್ಲ ಎಂದು ಬರೆದಿದ್ದೀರಿ. ನೀವು ನೋಡಿದ್ದು ಚಾಲಕನ ಸೀಟಿನಲ್ಲಿ ಕುಳಿತು. ಅದರ ಕೆಲಸ ಕಾಣುವುದು ಕಾರಿನ ಹಿಂದೆ ನಿಂತವರಿಗೆ ಇರಬಹುದು. ಕತ್ತಲಲ್ಲಿ ದೀಪ ಆರಿಸಿಕೊಂಡು ಒಂದು ಮನೆಯನ್ನು ಕಾಯುತ್ತಿರುವ ಪೊಲೀಸರಿಗೆ, ಬ್ರೇಕ್ ಒತ್ತಿದ ಕೂಡಲೇ ಹಿಂದೆ ಕೆಂಪು ದೀಪ ಹೊತ್ತಿಕೊಂಡರೆ ಕೆಲಸ ಕೆಟ್ಟಂತೆ. ಹಾಗಾಗಿ ಬ್ರೇಕ್ ದೀಪಕ್ಕೆ, ಕೆಲವೊಮ್ಮೆ ಒಳಗಿನ ದೀಪಕ್ಕೂ ಹೋಗುವ ವೈರನ್ನು ನಡುವೆ ಕತ್ತರಿಸಿ ಅಲ್ಲೊಂದು ಸ್ವಿಚ್ಚು ಕೂರಿಸುತ್ತಾರೆ. ಕಾರು ಹರಾಜಿಗೆ ಹೋದಾಗ ಸೈರನ್ನು, ರೇಡಿಯೋ, ದೀಪದ ಪಟ್ಟಿ ಎಲ್ಲ ಬಿಚ್ಚಿಕೊಳ್ಳುತ್ತಾರೆ. ಈ ಸಣ್ಣ ಸ್ವಿಚ್ಚು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಮೊಣಕಾಲು ತಗುಲಿ ಅದು ಬದಲಾದರೆ ಹೆದ್ದಾರಿಯಲ್ಲಿ ಬ್ರೇಕ್ ದೀಪವೇ ಇಲ್ಲದೆ ಓಡುತ್ತಿರುತ್ತೀರಿ, ಮತ್ತು ಅದು ನಿಮಗೆ ತಿಳಿಯುವುದೂ ಇಲ್ಲ.

ಇಂದು ಸಂಜೆ ಕತ್ತಲಾದ ಮೇಲೆ ಮನೆಯವರೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ. ಸ್ವಿಚ್ಚು ಹಾಕಿ ಒಮ್ಮೆ, ತೆಗೆದು ಒಮ್ಮೆ, ಬ್ರೇಕ್ ಒತ್ತಿ ನೋಡಿ. ಎಡ, ಬಲ ಮತ್ತು ಹಿಂಗಾಜಿನ ನಡುವಿನ ದೀಪ, ಮೂರನ್ನೂ ಗಮನಿಸಲು ಹೇಳಿ. ಹೆಡ್‌ಲೈಟು ಮತ್ತು ಒಳದೀಪಗಳನ್ನೂ ಹೀಗೆಯೇ ಪರೀಕ್ಷಿಸಿ. ಯಾವುದಾದರೂ ಆರಿದರೆ ಸ್ವಿಚ್ಚಿಗೆ ಟೇಪು ಸುತ್ತಿ ಸುಮ್ಮನಾಗಬೇಡಿ. ಕತ್ತರಿಸಿದ ವೈರಿನ ಎರಡು ತುದಿಗಳನ್ನು ಮತ್ತೆ ಬೆಸುಗೆ ಹಾಕಿ ಸೇರಿಸಿ, ಸ್ವಿಚ್ಚನ್ನು ಕಿತ್ತುಹಾಕಬೇಕು. ಒತ್ತಿ ಬಿಟ್ಟರೆ ತಾನೇ ಹಿಂದಕ್ಕೆ ಬರುವ ಗುಂಡಿಯೇನಾದರೂ ಸೀಟಿನ ಪಕ್ಕದಲ್ಲಿ ಸಿಕ್ಕರೆ ಅದು ಬೇರೆಯೇ: ಬಂದೂಕನ್ನು ಕಾರಿನಲ್ಲಿ ಹಿಡಿದಿಡುವ ಬೀಗವನ್ನು ಕೆಲವೇ ಸೆಕೆಂಡು ತೆರೆಯುವ ಗುಂಡಿ. ಬೀಗವೇ ಇಲ್ಲದಿದ್ದರೆ ಅದರಿಂದ ತೊಂದರೆಯಿಲ್ಲ.

ಹಿಂಬಾಗಿಲು ಕೆಟ್ಟಿಲ್ಲ. ಹಿಂದೆ ಕೂರುತ್ತಿದ್ದವರು ಬಂಧಿತರು. ಒಳಗಿನ ಹಿಡಿ ಕೆಲಸ ಮಾಡದಂತೆ ಕಾರ್ಖಾನೆಯಿಂದಲೇ ಹೇಳಿ ಮಾಡಿಸಿಕೊಳ್ಳುವುದು ಪೊಲೀಸ್ ಇಲಾಖೆಗಳ ಪದ್ಧತಿ. ಹಿಂಬಾಗಿಲಿನ ಗಾಜು ಇಳಿಸುವ ಅಧಿಕಾರವೂ ಚಾಲಕನ ಕೈಯಲ್ಲಿ ಮಾತ್ರ. ಈಗ ಅದೇ ಸೀಟಿನಲ್ಲಿ ನಿಮ್ಮ ಮಕ್ಕಳು. ಕಾರಿಗೆ ಬೆಂಕಿ ಬಿದ್ದರೆ, ಮುಂದೆ ಕುಳಿತವರಿಗೆ ಪ್ರಜ್ಞೆ ತಪ್ಪಿದರೆ ಅವರು ಹೊರಗೆ ಬರುವುದು ಹೇಗೆ? ಬಾಗಿಲಿನ ಒಳಹಲಗೆ ಬಿಚ್ಚಿ ನೋಡಿ. ಹಿಡಿಯಿಂದ ಬೀಗಕ್ಕೆ ಹೋಗುವ ಸಣ್ಣ ಸರಳು ಕಳಚಿರುತ್ತದೆ ಇಲ್ಲವೇ ಇರುವುದೇ ಇಲ್ಲ. ಸಾಮಾನ್ಯ ಕ್ರೌನ್ ವಿಕ್ಟೋರಿಯಾದ ಬಿಡಿಭಾಗ ಗುಜರಿ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಮಾಡಿಯೇ ಮಾಡಿ.

ಇನ್ನು ಡಿಕ್ಕಿಗೆ ಬರೋಣ. ಹೊಸಬರೆಲ್ಲ ಪೆಟ್ಟಿಗೆಯ ಮೇಲಿನ ಚೀಟಿ ಓದಿ ಅದೇನೆಂದು ತಿಳಿಯಲು ಹೊರಡುತ್ತಾರೆ. ಚೀಟಿ ಅಳಿಸಿಹೋಗಿರುತ್ತದೆ. ಓದಬೇಕಾದದ್ದು ವೈರನ್ನು. ಅದು ಎಲ್ಲಿಂದ ಹೊರಟಿದೆ, ಎಷ್ಟು ದಪ್ಪ ಇದೆ, ದಾರಿಯಲ್ಲಿ ಫ್ಯೂಸು ಇದೆಯೇ, ಎಲ್ಲಿ ಮುಗಿಯುತ್ತದೆ ಎಂದು ಬೆರಳು ಹಿಡಿದು ಹೋದರೆ ವೈರೇ ಎಲ್ಲವನ್ನೂ ಹೇಳುತ್ತದೆ.

ನಿಮ್ಮ ಪೆಟ್ಟಿಗೆಯ ಸಾಕೆಟ್ಟಿನಲ್ಲಿ ಮೂರು ಮೂರು ಪಿನ್ನುಗಳಿದ್ದು, ಅಲ್ಲಿಂದ ಹೊರಟ ಬೂದು ಬಣ್ಣದ ಕೇಬಲ್ಲುಗಳು ಹಿಂದಿನ ಮತ್ತು ಮುಂದಿನ ದೀಪಗಳ ಮೂಲೆಗೆ ಹೋಗಿದ್ದರೆ, ಅದು ಸ್ಟ್ರೋಬ್ ದೀಪಗಳಿಗೆ, ಅಂದರೆ ಮಿಂಚಿ ಮಿಂಚಿ ಆರುವ ದೀಪಗಳಿಗೆ, ವಿದ್ಯುತ್ ಕೊಡುವ ಪೆಟ್ಟಿಗೆ. ಎಲ್‌ಇಡಿ ಎಲ್ಲೆಡೆ ಬರುವ ಮೊದಲು ದೀಪದ ಗೂಡಿಗೆ ಸುಮಾರು ಒಂದು ಇಂಚಿನ ರಂಧ್ರ ಕೊರೆದು ಕ್ಸೆನಾನ್ ಕೊಳವೆ ತೂರಿಸುತ್ತಿದ್ದರು. ಆ ಕೊಳವೆ ಮಿಂಚಬೇಕಾದರೆ 12 ವೋಲ್ಟ್ ಸಾಲದು. ಪೆಟ್ಟಿಗೆ ಅದನ್ನು ನೂರಾರು ವೋಲ್ಟಿಗೆ ಏರಿಸಿ ಕೆಪಾಸಿಟರುಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ವೈರು ಕತ್ತರಿಸಿದ ಮೇಲೂ ಆ ಶಕ್ತಿ ಒಳಗೆ ಸ್ವಲ್ಪ ಹೊತ್ತು ಉಳಿದಿರುತ್ತದೆ. ಇದು ಕಾರಿನ ಸಾಮಾನ್ಯ ವಿದ್ಯುತ್ತಿನಂತೆ ಚುರುಕ್ಕೆಂದು ಬಿಡುವುದಲ್ಲ, ಜೀವಕ್ಕೇ ಅಪಾಯ. ಬ್ಯಾಟರಿಯ ಋಣ ತುದಿ ಬಿಚ್ಚಿ, ಕಡಿಮೆಯೆಂದರೂ ಕಾಲು ಗಂಟೆ ಬಿಟ್ಟು, ಆಮೇಲೆ ಪ್ಲಗ್ಗುಗಳನ್ನು ಎಳೆದು ಪೆಟ್ಟಿಗೆಯನ್ನು ಇಡಿಯಾಗಿ ತೆಗೆಯಿರಿ. ಮುಚ್ಚಳ ತೆರೆಯುವ ಕುತೂಹಲ ಬೇಡವೇ ಬೇಡ.

ದಪ್ಪ ಕೆಂಪು ವೈರಿನ ವಿಷಯ ನನಗೆ ಇನ್ನೂ ಹೆಚ್ಚಿನ ಆತಂಕ ತರುತ್ತದೆ. ಪೊಲೀಸ್ ರೇಡಿಯೋದಲ್ಲಿ ಎರಡು ಭಾಗಗಳಿರುತ್ತವೆ. ಗುಂಡಿಗಳಿರುವ ಮುಖ ಡ್ಯಾಶ್‌ಬೋರ್ಡಿನಲ್ಲಿ, ಸಂಕೇತ ಕಳಿಸುವ ಭಾರದ ದೇಹ ಡಿಕ್ಕಿಯಲ್ಲಿ. ಆ ದೇಹಕ್ಕೆ ನೇರವಾಗಿ ಬ್ಯಾಟರಿಯಿಂದಲೇ ಕೆಂಪು ವೈರು ಬರುತ್ತದೆ, ಕೀಲಿಯ ಹಂಗಿಲ್ಲದೆ. ಕಾರನ್ನು ಕಳಚುವವನಿಗೆ ದಿನಕ್ಕೆ ಇಷ್ಟು ಕಾರು ಮುಗಿಸಬೇಕೆಂಬ ಅವಸರ. ಅವನು ಬಿಚ್ಚುವುದಿಲ್ಲ, ಕತ್ತರಿಸುತ್ತಾನೆ. ಹಾಗಾಗಿ ಆ ತುದಿ ಈ ಕ್ಷಣವೂ ಜೀವಂತವಾಗಿರಬಹುದು. ನಮ್ಮಲ್ಲಿಗೆ ಬಂದ ಒಂದು ಕಾರಿನಲ್ಲಿ ಇಂಥದೇ ತುದಿ ಡಿಕ್ಕಿಯ ಹಾಸಿನ ಕೆಳಗೆ ಬಿದ್ದಿತ್ತು. ಮಾಲೀಕರು ಜಾಕಿಯನ್ನು ಎಳೆದಾಗ ಅದು ತುದಿಗೆ ತಾಗಿ ಹಾಸು ಕಪ್ಪಗೆ ಸುಟ್ಟು, ಜಾಕಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಲೋಹ ಕರಗಿತ್ತು. ಬ್ಯಾಟರಿಯ ಹತ್ತಿರ ಫ್ಯೂಸು ಹಾಕಿದ್ದರೆ ಅದು ಹಾರಿ ಅಲ್ಲಿಗೇ ಮುಗಿಯುತ್ತಿತ್ತು.

ಬಾನೆಟ್ ಎತ್ತಿ ಬ್ಯಾಟರಿಯ ಧನ ತುದಿಗೆ ಸೇರಿದ ಪ್ರತಿ ವೈರನ್ನೂ ನೋಡಿ. ಕಾರ್ಖಾನೆಯ ವೈರುಗಳು ಕಪ್ಪು ಕವಚದೊಳಗೆ ಅಚ್ಚುಕಟ್ಟಾಗಿರುತ್ತವೆ. ಆಮೇಲೆ ಸೇರಿಸಿದವು ಎಲ್ಲೋ ಒಂದು ರಬ್ಬರ್ ತೂತಿನ ಮೂಲಕ ಒಳಗೆ ನುಗ್ಗಿರುತ್ತವೆ. ಅಂಥವನ್ನು ಬ್ಯಾಟರಿಯ ಕಡೆಯಿಂದಲೇ ಬಿಚ್ಚಿ, ತುದಿ ಮುಚ್ಚಿ, ಆಮೇಲೆ ಹಿಂದಕ್ಕೆ ಹಿಂಬಾಲಿಸಿ. ಡಿಕ್ಕಿಯ ತುದಿಯಿಂದ ಶುರುಮಾಡಿದರೆ ಜೀವಂತ ವೈರನ್ನು ಕೈಯಲ್ಲಿ ಹಿಡಿದು ಹೊರಟಂತೆ. ಒಂದು ಎಚ್ಚರಿಕೆ: ಹಳದಿ ಕವಚದ ವೈರು ಏರ್‌ಬ್ಯಾಗಿನದು, ಅದರ ತಂಟೆಗೆ ಹೋಗಬೇಡಿ. 2005ರಿಂದ ಈ ಕಾರಿಗೆ ಬೆಂಕಿ ಆರಿಸುವ ವ್ಯವಸ್ಥೆಯೂ ಹೆಚ್ಚುವರಿಯಾಗಿ ಸಿಗುತ್ತಿತ್ತು. ನಿಮ್ಮದರಲ್ಲಿ ಅದರ ಚೀಟಿ ಕಂಡರೆ ಗುಂಡಿ ಒತ್ತಿ ಪರೀಕ್ಷಿಸದೆ ಫೋರ್ಡ್ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ.

ಬ್ಯಾಟರಿ ಖಾಲಿಯಾಗುವುದಕ್ಕೆ ಲೆಕ್ಕವೇ ಅರ್ಧ ಉತ್ತರ ಕೊಡುತ್ತದೆ. ಒಂದು ಆಂಪಿಯರ್ ಸದಾ ಸೋರುತ್ತಿದ್ದರೆ ದಿನಕ್ಕೆ 24 ಆಂಪಿಯರ್-ಗಂಟೆ, ಮೂರು ದಿನಕ್ಕೆ 72. ಇಷ್ಟು ದೊಡ್ಡ ಕಾರಿನ ಬ್ಯಾಟರಿಯ ಶಕ್ತಿಯೇ ಹೆಚ್ಚು ಕಡಿಮೆ ಅಷ್ಟು. ಅರ್ಧ ಖಾಲಿಯಾದರೇ ಎಂಜಿನ್ ತಿರುಗಲು ತಿಣುಕುತ್ತದೆ. ಹಾಗಾದರೆ ನಿಮ್ಮ ಕಾರಿನಲ್ಲಿ ಅರ್ಧದಿಂದ ಒಂದು ಆಂಪಿಯರ್ ಸೋರುತ್ತಿದೆ. ಆರೋಗ್ಯವಂತ ಕಾರಿನಲ್ಲಿ ಎಲ್ಲ ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟ ಮೇಲೆ ಇದು 0.05 ಆಂಪಿಯರಿಗಿಂತ ಕಡಿಮೆ ಇರಬೇಕು.

ಇಷ್ಟನ್ನು ಕುಡಿಯುವ ವಸ್ತು ಯಾವುದು? ನನ್ನ ಮೊದಲ ಅನುಮಾನ ಬಾನೆಟ್ ಕೆಳಗೋ ಡಿಕ್ಕಿಯಲ್ಲೋ ಇರುವ ಡಬ್ಬಿಯಾಕಾರದ ದೊಡ್ಡ ಸೊಲೆನಾಯ್ಡ್ ಮೇಲೆ. ಪೊಲೀಸ್ ಸಲಕರಣೆಗಳಿಗೆಲ್ಲ ಒಟ್ಟಿಗೆ ವಿದ್ಯುತ್ ಹರಿಸುವ ಬಾಗಿಲು ಅದು. ಅದನ್ನು ಕಾಯುವ ಸಣ್ಣ ಟೈಮರ್ ಪೆಟ್ಟಿಗೆ ಕೀಲಿ ತೆಗೆದ ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಬೇಕು. ಕಳಚುವಾಗ ಟೈಮರ್ ಕಿತ್ತು, ಅದರ ವೈರುಗಳನ್ನು ಹೇಗೋ ಸೇರಿಸಿಬಿಟ್ಟಿದ್ದರೆ ಬಾಗಿಲು ಹಗಲು ರಾತ್ರಿ ತೆರೆದೇ ಇರುತ್ತದೆ. ಮೀಟರು ತರುವ ಮೊದಲೇ ಇದನ್ನು ಕಂಡುಹಿಡಿಯಬಹುದು. ರಾತ್ರಿಯಿಡೀ ನಿಂತ ಕಾರಿನ ಬಾನೆಟ್ಟನ್ನು ಚಳಿಯ ಬೆಳಿಗ್ಗೆ ಎತ್ತಿ ಆ ಡಬ್ಬಿಯನ್ನು ಮುಟ್ಟಿ. ಸುತ್ತಲಿನ ಲೋಹವೆಲ್ಲ ಹಿಮದಂತೆ ತಣ್ಣಗಿದ್ದು ಅದೊಂದು ಮಾತ್ರ ಬೆಚ್ಚಗಿದ್ದರೆ ಕಳ್ಳ ಸಿಕ್ಕಿದ.

ಛಾವಣಿಯ ನಾಲ್ಕು ಮುಚ್ಚಳಗಳನ್ನು ಓದಿ ನನಗೆ ಖುಷಿಯಾಯಿತು. ಅವು ಆಂಟೆನಾ ಕಿತ್ತ ತೂತುಗಳ ಮುಚ್ಚಳಗಳು. ಚೌಕದ ನಾಲ್ಕು ಮೂಲೆಯಲ್ಲಿ ಒಂದೇ ಬಗೆಯ ನಾಲ್ಕು ಆಂಟೆನಾ ಎಂದರೆ ಬಹುತೇಕ ಲೋಜ್ಯಾಕ್. ಕದ್ದ ಕಾರುಗಳನ್ನು ಹುಡುಕುವ ಈ ವ್ಯವಸ್ಥೆ ಶುರುವಾದದ್ದು ನಿಮ್ಮ ಮ್ಯಾಸಚೂಸೆಟ್ಸಿನಲ್ಲೇ, 1986ರಲ್ಲಿ. ಮಾಲೀಕರ ಕಾರಿನಲ್ಲಿ ಅಡಗಿಸಿಟ್ಟ ಸಣ್ಣ ಪೆಟ್ಟಿಗೆ, ಕಾರು ಕಳುವಾಯಿತೆಂಬ ದೂರು ದಾಖಲಾದ ಮೇಲೆ 173.075 ಮೆಗಾಹರ್ಟ್ಸಿನಲ್ಲಿ ರೇಡಿಯೋ ಸಂಕೇತ ಹೊರಡಿಸುತ್ತಿತ್ತು. ಹುಡುಕುವ ಪೊಲೀಸ್ ಕಾರಿನ ಮೇಲೆ ಒಂದೇ ಆಂಟೆನಾ ಇದ್ದರೆ ಸಂಕೇತವಿದೆ ಎಂದಷ್ಟೇ ತಿಳಿಯುತ್ತದೆ. ನಾಲ್ಕಿದ್ದರೆ ಸಂಕೇತ ಯಾವುದಕ್ಕೆ ಒಂದು ಚೂರು ಮೊದಲು ತಲುಪಿತು ಎಂಬ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ. ನಮ್ಮ ಎರಡು ಕಿವಿಗಳು ಮಾಡುವ ಕೆಲಸವೇ ಇದು. ನಡುವಿನ ದೊಡ್ಡ ಮುಚ್ಚಳ ರೇಡಿಯೋ ಆಂಟೆನಾದ್ದೋ ದೀಪದ ಪಟ್ಟಿಯ ಕೇಬಲ್ಲಿನದೋ ಇರಬೇಕು. ರಬ್ಬರ್ ಬಿಸಿಲಿಗೆ ಒಣಗಿ ಸೀಳುತ್ತದೆ. ನಿಮ್ಮೂರಿನ ಹಿಮ ಕರಗಿ ಸಂದಿಯಿಂದ ಇಳಿದರೆ ತಗಡಿಗೆ ತುಕ್ಕು ಹಿಡಿಯುತ್ತದೆ. ತಗಡಿನ ಬಿಲ್ಲೆ ಕೂರಿಸಿ ಬೆಸುಗೆ ಹಾಕಿಸಿ, ಬಣ್ಣ ಬಳಿಸಿ.

ಕೊನೆಗೆ ಶ್ರುತಿಕವೆ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಕಂಡದ್ದೇ ಇದು, ಆದರೆ ಇದರ ಕೆಲಸ ವಾಹನಗಳ ವೇಗ ಅಳೆಯುವ ರಾಡಾರಿನ ಮಾತು ನಿಜವೇ ಎಂದು ಪರೀಕ್ಷಿಸುವುದು. ಓಡುವ ಕಾರಿಗೆ ತಾಗಿ ಮರಳಿದ ಅಲೆಯ ಕಂಪನಾಂಕ ಬದಲಾಗುತ್ತದೆ, ರಾಡಾರ್ ಆ ವ್ಯತ್ಯಾಸವನ್ನು ವೇಗವಾಗಿ ತೋರಿಸುತ್ತದೆ. ಕವೆಯನ್ನು ಮರಕ್ಕೆ ಬಡಿದು ರಾಡಾರಿನ ಮುಂದೆ ಹಿಡಿದರೆ, ಅದರ ನಡುಗುವ ಕೈಗಳು ಅದೇ ವ್ಯತ್ಯಾಸವನ್ನು ಹುಟ್ಟಿಸುತ್ತವೆ. 24.150 ಗಿಗಾಹರ್ಟ್ಸಿನ ಕೆ ಬ್ಯಾಂಡ್ ರಾಡಾರಿನಲ್ಲಿ ಗಂಟೆಗೆ ಒಂದು ಮೈಲಿ ವೇಗಕ್ಕೆ ಈ ವ್ಯತ್ಯಾಸ ಸುಮಾರು 72 ಹರ್ಟ್ಸ್. ಹಾಗಾಗಿ 35 ಎಂದು ಕೆತ್ತಿದ ಕವೆ ಸೆಕೆಂಡಿಗೆ ಸುಮಾರು 2,520 ಸಲ ನಡುಗಬೇಕು. ಎರಡು ಕವೆ ಯಾಕೆ? ಗಸ್ತಿನ ಕಾರೂ ಓಡುತ್ತಿರುವಾಗ ಎದುರಿನ ಕಾರಿನ ವೇಗ ಅಳೆಯಬೇಕಲ್ಲ. ಎರಡನ್ನೂ ಒಟ್ಟಿಗೆ ಬಡಿದು ಹಿಡಿದರೆ ತನ್ನ ವೇಗ 35, ಎದುರಿನದು, ಎರಡೂ ಕಾರಿನ ವೇಗ ಸೇರಿದ 65ರಲ್ಲಿ 35 ಕಳೆದು, 30 ಎಂದು ಪರದೆ ತೋರಿಸಬೇಕು. ತೋರಿಸಿದರೆ ರಾಡಾರ್ ಸರಿಯಿದೆ.

ಕವೆಯ ಹಿಡಿಯ ಮೇಲೆ ಕ್ರಮಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಗೆ ಒಂದು ಪ್ರಮಾಣಪತ್ರವಿದ್ದು, ವೇಗದ ಮೊಕದ್ದಮೆಗಳಲ್ಲಿ ಅದು ಸಾಕ್ಷಿಯಾಗುತ್ತದೆ. ಕಾರನ್ನು ಬಿಟ್ಟುಕೊಟ್ಟ ಇಲಾಖೆಗೆ ಫೋನ್ ಮಾಡಿ ಕೇಳಿ. ಬೇಕೆಂದರೆ ಕೊಟ್ಟುಬಿಡಿ. ಬೇಡವೆಂದರೆ ಮಕ್ಕಳಿಗೆ ಕೊಡಿ, ಸೊಗಸಾದ ಆಟಿಕೆ.

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿ ಕೊಂಡ ಇಂಥದೇ ಕಾರಿನಲ್ಲಿ ರೇಡಿಯೋ ಪೂರ್ತಿಯಾಗಿ ಉಳಿದಿದೆ, ಹಚ್ಚಿದರೆ ಮಾತೂ ಕೇಳಿಸುತ್ತದೆ. ಇಟ್ಟುಕೊಳ್ಳಬಹುದೇ? ಚಾಲಕನ ಪಕ್ಕದ, ಮುಂಗಾಜಿನ ಅಂಚಿನ ಕಂಬಕ್ಕಿರುವ ದೊಡ್ಡ ದೀಪವನ್ನೂ ತೆಗೆಯಬೇಕೇ?

ಉತ್ತರ: ರೇಡಿಯೋವನ್ನು ಈಗಲೇ ಆರಿಸಿ, ಮೈಕಿನ ಗುಂಡಿಯನ್ನು ಒಮ್ಮೆಯೂ ಒತ್ತಬೇಡಿ. ಪರವಾನಗಿಯಿಲ್ಲದೆ ಪೊಲೀಸ್ ತರಂಗದಲ್ಲಿ ಸಂಕೇತ ಕಳಿಸುವುದು ಅಮೆರಿಕದ ಕೇಂದ್ರ ಕಾನೂನಿನಡಿ ಅಪರಾಧ, ಮತ್ತು ನಿಮ್ಮ ಒಂದು ಒತ್ತು ಯಾರೋ ನೆರವು ಕೋರುತ್ತಿರುವ ಮಾತನ್ನು ಮುಚ್ಚಿಹಾಕಬಹುದು. ಅದು ಕಣ್ತಪ್ಪಿನಿಂದ ಉಳಿದದ್ದು. ಇಲಾಖೆಗೆ ತಿಳಿಸಿದರೆ ಅವರೇ ಬಂದು ಬಿಚ್ಚಿಕೊಂಡು ಹೋಗುತ್ತಾರೆ.

ಕಂಬದ ದೀಪವನ್ನು ತೆಗೆಯುವ ಮುನ್ನ ಯೋಚಿಸಿ. ಅದರ ಹಿಡಿ ಕಂಬವನ್ನೇ ಕೊರೆದು ಒಳಗೆ ಬಂದಿದೆ. ತೆಗೆದರೆ ಆ ತೂತಿನಿಂದ ಮಳೆನೀರು ನೇರ ಫ್ಯೂಸಿನ ಕಡೆಗೆ ಇಳಿಯುತ್ತದೆ. ಬಿಳಿಯ ಕಂಬದೀಪಕ್ಕೆ ಹಲವು ರಾಜ್ಯಗಳಲ್ಲಿ ಅವಕಾಶವಿದೆ, ಎದುರಿನ ವಾಹನಗಳ ಕಣ್ಣಿಗೆ ಹಾಯಿಸಬಾರದು ಅಷ್ಟೆ. ನಿಮ್ಮ ಊರಿನ ವಾಹನ ನೋಂದಣಿ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಂಡು ಇಟ್ಟುಕೊಳ್ಳಿ. ಮುಂದಿನ ಜಾಲರಿಯ ಹಿಂದೆ ನೀಲಿ ಅಥವಾ ಕೆಂಪು ದೀಪ ಉಳಿದಿದ್ದರೆ ಮಾತ್ರ, ಅದು ಉರಿಯದಿದ್ದರೂ, ಬಿಚ್ಚಿಬಿಡಿ. ಹಾಗೆಯೇ ಬಾಗಿಲಿನ ಬೀಗಗಳನ್ನೂ ಬದಲಾಯಿಸಿ. ಇಡೀ ಪೊಲೀಸ್ ಪಡೆಯ ಕಾರುಗಳಿಗೆ ಒಂದೇ ಕೀಲಿ ಮಾಡಿಸಿರುವುದುಂಟು. ನಿಮ್ಮ ಕಾರಿನ ಕೀಲಿ ಎಷ್ಟು ಜನರ ಜೇಬಿನಲ್ಲಿದೆಯೋ ಹೇಳಲಾಗದು.