ಪೊಲೀಸರು ದೂರು ತೆಗೆದುಕೊಳ್ಳದಿದ್ದರೆ ಮಾನವ ಹಕ್ಕುಗಳ ಆಯೋಗ ಏನು ಮಾಡುತ್ತದೆ?

ಹಾಸನ ತಾಲ್ಲೂಕಿನ ತಮ್ಮೂರಿನ ಕ್ಷೌರದಂಗಡಿಯಲ್ಲಿ ದಲಿತರಿಗೆ ಕ್ಷೌರ ಮಾಡುವುದಿಲ್ಲವೆಂದೂ, ಠಾಣೆಯಲ್ಲಿ ದೂರನ್ನೇ ಪಡೆಯಲಿಲ್ಲವೆಂದೂ ತಾವು ಬರೆದಿದ್ದೀರಿ. ಇದು ನೋವಿನ ಸಂಗತಿಯಷ್ಟೇ ಅಲ್ಲ, ಅಪರಾಧವೂ ಹೌದು.

ಇಲ್ಲಿ ಎರಡು ವಿಷಯಗಳಿವೆ. ಅಂಗಡಿಯವರು ಖಾಸಗಿ ವ್ಯಕ್ತಿ. ಅವರ ಮೇಲಿನ ಕ್ರಮ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹಾಗೂ 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರು ಮತ್ತು ನ್ಯಾಯಾಲಯದಿಂದ ಆಗಬೇಕು. ಬೆಂಗಳೂರಿನಲ್ಲಿರುವ ರಾಜ್ಯ ಮಾನವ ಹಕ್ಕುಗಳ ಆಯೋಗವು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ನೋಡುವುದು ಮುಖ್ಯವಾಗಿ ಸರ್ಕಾರಿ ನೌಕರರು ಮಾಡಿದ ಉಲ್ಲಂಘನೆಯನ್ನು, ಅಥವಾ ಅದನ್ನು ತಡೆಯುವಲ್ಲಿ ಅವರು ತೋರಿದ ನಿರ್ಲಕ್ಷ್ಯವನ್ನು. ಆದ್ದರಿಂದ ತಮ್ಮ ಅರ್ಜಿಯ ತಿರುಳು ಠಾಣೆಯ ನಡವಳಿಕೆಯಾಗಿರಲಿ.

ಘಟನೆ ನಡೆದು ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಕನ್ನಡದಲ್ಲೇ ಬರೆಯಬಹುದು. ಯಾವ ದಿನ, ಎಷ್ಟು ಗಂಟೆಗೆ ಹೋದಿರಿ, ಮೇಜಿನ ಮುಂದೆ ಎಷ್ಟು ಹೊತ್ತು ನಿಲ್ಲಿಸಿದರು, ಯಾರು ಏನೆಂದರು ಎಂಬುದನ್ನು ನಡೆದಂತೆಯೇ ಬರೆಯಿರಿ. ಠಾಣೆಯಲ್ಲಿ ಪಡೆಯದ ದೂರಿನ ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಆ ರಸೀದಿಯನ್ನೂ ಅರ್ಜಿಗೆ ಲಗತ್ತಿಸಿ; ನನ್ನ ಅನುಭವದಲ್ಲಿ ಇಂಥ ಒಂದು ಚೀಟಿಯ ಬಲ ದೊಡ್ಡದು.

ಆಯೋಗವು ವರದಿ ತರಿಸಿಕೊಳ್ಳುತ್ತದೆ, ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನೂ ದಾಖಲೆಗಳನ್ನೂ ಕರೆಸಿಕೊಳ್ಳಬಲ್ಲದು. ಉಲ್ಲಂಘನೆ ಕಂಡುಬಂದರೆ ಪರಿಹಾರ, ಶಿಸ್ತುಕ್ರಮ ಅಥವಾ ಮೊಕದ್ದಮೆಗೆ ಶಿಫಾರಸು ಮಾಡುತ್ತದೆ. ತಾನೇ ಶಿಕ್ಷೆ ವಿಧಿಸುವುದಿಲ್ಲ. ಕೈಗೊಂಡ ಕ್ರಮವನ್ನು ಸರ್ಕಾರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ತಿಳಿಸಬೇಕು. ಆಯೋಗದ ಉತ್ತರಕ್ಕಾಗಿ ಕಾಯುತ್ತಾ ಕ್ರಿಮಿನಲ್ ದೂರನ್ನು ಮಾತ್ರ ಕೈಬಿಡಬೇಡಿ.